ಎಳೆಯರಿಗೂ ವಾತವೇ?

ವಾತವು ಮುಪ್ಪಿನ ಒಡನಾಡಿ ಎಂಬ ಎಣಿಕೆ ನಮ್ಮ ಜನರಲ್ಲಿ ಬಹುಕಾಲದಿಂದ ಬೇರೂರಿರುವುದು. ಅಜ್ಜಿಯು ಎಳೆಬಿಸಿಲಿನಲ್ಲಿ ಕುಳಿತು ಮೊಣಕಾಲಿಗೆ ಎಣ್ಣೆ ನೀವಿಕೊಳ್ಳುವುದೂ, ಅಜ್ಜನು ಜಗುಲಿಯಿಂದ ಏಳುವಾಗ ಕಂಬವನ್ನು ಹಿಡಿಯುವುದೂ ಯಾವ ಮನೆಗೂ ಹೊಸ ನೋಟವಲ್ಲ. ಅದೇ ಬಾಧೆ ನಾಲ್ಕು ವರ್ಷದ ಕೂಸಿಗೆ ಬಂದಿದೆಯೆಂದು ಹೇಳಿದರೆ ಕೇಳಿದವರು ನಕ್ಕುಬಿಡುವರು. ನಗದವರು, ಆಡುವಾಗ ಬಿದ್ದಿರಬೇಕು ಎನ್ನುವರು. ಇನ್ನೂ ತಿಳಿದವರೆನಿಸಿಕೊಂಡವರು, ಬೆಳೆಯುವ ಮಕ್ಕಳಿಗೆ ಕಾಲುನೋವು ಸಹಜವೆಂದು ಸಮಾಧಾನ ಹೇಳುವರು. ಈ ಮೂರು ಬಗೆಯ ಉತ್ತರಗಳನ್ನೂ ನಾವು ನಮ್ಮ ಅಂಗಳದಲ್ಲಿಯೇ ಕೇಳಿದ್ದೇವೆ. ನಾವು ವೈದ್ಯರಲ್ಲ, ಮೂವತ್ತಕ್ಕೂ ಮಿಕ್ಕ ವರ್ಷಗಳ ಕಾಲ ಹೈಸ್ಕೂಲಿನಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿ ಈಗ ವಿಶ್ರಾಂತಿಯಲ್ಲಿರುವವರು. ಆದರೆ ನಮ್ಮ ಮಗಳ ಮಗಳಿಗೆ ಈ ರೋಗ ತಲೆದೋರಿದ ಮೇಲೆ, ಇದರ ವಿಚಾರವಾಗಿ ಸಿಕ್ಕಿದುದನ್ನೆಲ್ಲ ಓದಿ, ವೈದ್ಯರನ್ನು ಕೇಳಿ ಕೇಳಿ ಬೇಸರಪಡಿಸಿ, ಒಂದಿಷ್ಟು ತಿಳಿದುಕೊಂಡೆವು. ಅದನ್ನು ಈ ಪತ್ರಿಕೆಯ ವಾಚಕರ ಮುಂದಿಡುವುದು ಯುಕ್ತವೆಂದು ತೋರಿತು.

ಮೊದಲು ಹೆಸರಿನ ಮಾತು. ಹಳೆಯ ಮೇಷ್ಟರಿಗೆ ಇದನ್ನು ಬಿಟ್ಟು ಮುಂದೆ ಹೋಗುವುದು ಸಾಧ್ಯವಿಲ್ಲ. ಇಂಗ್ಲಿಷರು ಕೀಲುನೋವಿನ ರೋಗಗಳಿಗೆಲ್ಲ ರೂಮಟಿಸಮ್ ಎನ್ನುತ್ತಾರಷ್ಟೆ. ಅದು ಹರಿಯುವಿಕೆ ಎಂಬ ಅರ್ಥದ ಗ್ರೀಕ್ ಪದದಿಂದ ಬಂದುದು. ಆ ಗ್ರೀಕ್ ಧಾತುವೂ ಸ್ರವತಿ, ಸ್ರೋತಸ್ ಎಂಬಲ್ಲಿನ ನಮ್ಮ ಸ್ರು ಧಾತುವೂ ಒಂದೇ ಮೂಲದವು. ಮೈಯೊಳಗೆ ಏನೋ ಒಂದು ದುಷ್ಟರಸವು ಹರಿದು ಕೀಲುಗಳಲ್ಲಿ ನಿಲ್ಲುತ್ತದೆಂಬುದು ಅವರ ಪೂರ್ವಿಕರ ಊಹೆ. ನಮ್ಮಲ್ಲಿ ಮಾಧವಕರನು ತನ್ನ ನಿದಾನಗ್ರಂಥದಲ್ಲಿ ಆಮವಾತಕ್ಕೆ ಬೇರೆಯೇ ಒಂದು ಅಧ್ಯಾಯವನ್ನು ಕೊಟ್ಟನು. ಜೀರ್ಣವಾಗದ ಆಮವು ವಾತದೊಡನೆ ಸೇರಿ ಸಂಧಿಗಳನ್ನು ಹೊಗುವುದೆಂಬುದು ಅಲ್ಲಿಯ ಮತ. ಊಹೆಗಳೆರಡೂ ಅಣ್ಣತಮ್ಮಂದಿರಂತಿವೆ. ಎಳೆಯರ ವಿಚಾರಕ್ಕೆ ಬಂದರೆ, ಆಯುರ್ವೇದದ ಎಂಟು ಅಂಗಗಳಲ್ಲಿ ಕೌಮಾರಭೃತ್ಯವೂ ಒಂದು. ನೇಪಾಳದಲ್ಲಿ ದೊರೆತು ೧೯೩೮ರಲ್ಲಿ ಅಚ್ಚಾದ ಕಾಶ್ಯಪಸಂಹಿತೆಯಲ್ಲಿ ವೇದನಾಧ್ಯಾಯವೆಂಬುದೊಂದು ಇದೆ. ಮಾತು ಬಾರದ ಶಿಶುವಿಗೆ ಎಲ್ಲಿ ನೋವೆಂಬುದನ್ನು ಅದರ ಚೇಷ್ಟೆಗಳಿಂದ ತಿಳಿಯುವ ಬಗೆಯನ್ನು ಅಲ್ಲಿ ಹೇಳಿದೆ: ತಲೆನೋವಾದರೆ ತಲೆಯನ್ನು ಅತ್ತಿತ್ತ ಆಡಿಸುತ್ತದೆ, ಕಿವಿನೋವಾದರೆ ಕೈಗಳಿಂದ ಕಿವಿಯನ್ನು ಮುಟ್ಟಿಕೊಳ್ಳುತ್ತದೆ, ಇತ್ಯಾದಿ. ಮಗುವು ಬಾಯಿಬಿಟ್ಟು ಹೇಳದಿದ್ದರೂ ಅದರ ಮೈ ಹೇಳುತ್ತದೆಂಬ ಈ ನೋಟವನ್ನು ನಾವು ಬಹಳವಾಗಿ ಮೆಚ್ಚಿದೆವು. ಏಕೆಂದರೆ ನಮ್ಮ ಮೊಮ್ಮಗಳು ಒಂದು ದಿನವಾದರೂ 'ಕಾಲು ನೋಯುತ್ತದೆ' ಎಂದು ಹೇಳಲಿಲ್ಲ.

೨೦೨೧ರ ಮಳೆಗಾಲದಲ್ಲಿ ಅವಳಿಗೆ ನಾಲ್ಕು ತುಂಬಿತ್ತು. ಬೆಳಗ್ಗೆ ಹಾಸಿಗೆಯಿಂದ ಎದ್ದವಳು ಎಡಗಾಲನ್ನು ಎಳೆದುಕೊಂಡು ಬಚ್ಚಲಿಗೆ ಹೋಗುವಳು. ಮೆಟ್ಟಿಲಿದ್ದರೆ ಎತ್ತಿಕೊಳ್ಳಬೇಕೆಂದು ಹಟ ಹಿಡಿಯುವಳು. ಹತ್ತು ಗಂಟೆಯಾಗುವಷ್ಟರಲ್ಲಿ ಕುಂಟು ಕಡಿಮೆಯಾಗುತ್ತಿತ್ತು. ಸಂಜೆಗೆ ಅಂಗಳದಲ್ಲಿ ಕರುವಿನ ಹಿಂದೆ ಓಡುತ್ತಿದ್ದಳು. ಹೀಗಿರಲು ಇದು ಸೋಗೆಂದು ನೆರೆಹೊರೆಯವರು ಹೇಳಿದುದರಲ್ಲಿ ಆಶ್ಚರ್ಯವೇನು? ಮೊದಲು ತೋರಿಸಿದ ವೈದ್ಯರೊಬ್ಬರು ಬಿದ್ದ ಪೆಟ್ಟೆಂದು ಮುಲಾಮು ಕೊಟ್ಟರು. ಇನ್ನೊಬ್ಬರು ರಕ್ತಪರೀಕ್ಷೆ ಮಾಡಿಸಿ, ವಾತದ ಅಂಶವಿಲ್ಲವೆಂದು ಬಂದ ಚೀಟಿಯನ್ನು ನೋಡಿ, ಇದು ವಾತವಲ್ಲವೇ ಅಲ್ಲ ಎಂದರು. ಆ ಪರೀಕ್ಷೆಯು ದೊಡ್ಡವರ ಸಂಧಿವಾತಕ್ಕೆ ಸಲ್ಲುವಂಥದು. ಈ ರೋಗವುಳ್ಳ ಮಕ್ಕಳಲ್ಲಿ ಬಹುಮಂದಿಗೆ ಅದು ಇಲ್ಲವೆಂದೇ ಬರುತ್ತದೆ ಎಂಬುದು ನಮಗೆ ಆಮೇಲೆ ತಿಳಿಯಿತು. ಮೂರನೆಯವರು ಕ್ಷಯವಿರಬಹುದೇ ಎಂದು ಶಂಕಿಸಿದರು. ನಮ್ಮ ದೇಶದಲ್ಲಿ ಒಂದೇ ಕೀಲು ಊದಿದಾಗ ಆ ಶಂಕೆ ನ್ಯಾಯವಾದುದೇ. ಅವರೇ ಬೆಂಗಳೂರಿಗೆ ಕರೆದುಕೊಂಡು ಹೋಗಿರೆಂದೂ ಹೇಳಿದರು. ಅಲ್ಲಿ ಮಕ್ಕಳ ಕೀಲುರೋಗವನ್ನೇ ವ್ಯಾಸಂಗ ಮಾಡಿದ ವೈದ್ಯರು ಮೊಣಕಾಲನ್ನು ಮುಟ್ಟಿ, ಎರಡು ಕಾಲುಗಳನ್ನೂ ಜೋಡಿಸಿ ನೋಡಿ, ರೋಗವುಳ್ಳ ಎಡಗಾಲೇ ಬಲಗಾಲಿಗಿಂತ ಕೊಂಚ ಉದ್ದವಾಗಿರುವುದನ್ನು ತೋರಿಸಿದರು. ಉರಿಯೂತವಿರುವ ಕಡೆಗೆ ರಕ್ತ ಹೆಚ್ಚಾಗಿ ಹರಿಯುವುದರಿಂದ ಆ ಎಲುಬು ಬೇಗ ಬೆಳೆಯುತ್ತದಂತೆ. ಮೂರು ತಿಂಗಳಿಂದ ನಮ್ಮ ಕಣ್ಣೆದುರಿಗೇ ನಡೆದಾಡುತ್ತಿದ್ದ ಕಾಲದು.

ರೋಗದ ಸ್ವರೂಪವನ್ನು ಅವರು ಹೇಳಿದ ಬಗೆಯಲ್ಲಿಯೇ ಹೇಳುವೆವು. ಹೊರಗಿನಿಂದ ಬರುವ ರೋಗಾಣುಗಳನ್ನು ಕೊಲ್ಲುವುದಕ್ಕೆಂದು ನಮ್ಮ ಮೈಯಲ್ಲಿ ಒಂದು ಕಾವಲುಪಡೆಯಿದೆ. ಅದು ಕೆಲವರಲ್ಲಿ ತನ್ನವರಾರು, ಹೊರಗಿನವರಾರು ಎಂಬ ವಿವೇಕವನ್ನು ಕಳೆದುಕೊಂಡು ಸ್ವಂತ ಕೀಲಿನ ಒಳಪೊರೆಯನ್ನೇ ಹೊಡೆಯತೊಡಗುತ್ತದೆ. ಬೇಲಿಯೇ ಎದ್ದು ಹೊಲವನ್ನು ಮೇಯ್ದಂತೆ ಎಂಬ ಗಾದೆಗೆ ಇದಕ್ಕಿಂತ ಸರಿಯಾದ ಉದಾಹರಣೆ ನಮಗೆ ತೋರದು. ಪೊರೆ ದಪ್ಪವಾಗಿ ನೀರು ಸೇರಿ ಕೀಲು ಊದುತ್ತದೆ, ರಾತ್ರಿಯೆಲ್ಲ ಅಲುಗಾಡದೆ ಇದ್ದುದರಿಂದ ಬೆಳಗ್ಗೆ ಬಿಗಿದುಕೊಂಡಿರುತ್ತದೆ, ನಡೆದಾಡಿದಂತೆಲ್ಲ ಸಡಿಲವಾಗುತ್ತದೆ. ಹದಿನಾರು ವರ್ಷ ತುಂಬುವುದರೊಳಗೆ ಹುಟ್ಟಿ, ಆರು ವಾರಕ್ಕೆ ಕಡಿಮೆಯಿಲ್ಲದಂತೆ ನಿಂತು, ಬೇರೆ ಯಾವ ಕಾರಣವೂ ಕಾಣದಿದ್ದರೆ ಅದಕ್ಕೆ ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್ ಎಂದು ಹೆಸರು. ನಡುವಿನ ಪದಕ್ಕೆ ಕಾರಣ ತಿಳಿಯದ್ದು ಎಂದರ್ಥ. ತಿಳಿಯದುದನ್ನು ತಿಳಿಯದೆಂದು ಹೆಸರಿನಲ್ಲಿಯೇ ಒಪ್ಪಿಕೊಂಡ ಈ ಪ್ರಾಮಾಣಿಕತೆ ನಮಗೆ ಹಿಡಿಸಿತು. ಮೊದಲು ಅಮೆರಿಕದವರು ಒಂದು ಹೆಸರಿನಿಂದಲೂ ಯೂರೋಪಿನವರು ಮತ್ತೊಂದು ಹೆಸರಿನಿಂದಲೂ ಕರೆಯುತ್ತಿದ್ದುದರಿಂದ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹೊಂದುತ್ತಿರಲಿಲ್ಲ. ೧೯೯೭ರಲ್ಲಿ ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿಯೂ ೨೦೦೧ರಲ್ಲಿ ಕೆನಡಾದ ಎಡ್ಮಂಟನ್ನಿನಲ್ಲಿಯೂ ಸೇರಿದ ವೈದ್ಯರು ಈ ಒಂದು ಹೆಸರನ್ನೂ ಏಳು ಪ್ರಭೇದಗಳನ್ನೂ ಗೊತ್ತುಮಾಡಿದರು. ಪಾಶ್ಚಾತ್ಯ ದೇಶಗಳಲ್ಲಿ ಸುಮಾರು ಸಾವಿರ ಮಕ್ಕಳಿಗೆ ಒಬ್ಬರಿಗೆ ಇದು ಇರುವುದೆಂದು ಹೇಳುವರು.

ಬೆಳವಣಿಗೆಯ ನೋವೆಂದು ಜನ ಹೇಳುವುದು ಸುಳ್ಳಲ್ಲ; ಅದೂ ಉಂಟು. ಆದರೆ ಅದು ಬರುವುದು ರಾತ್ರಿ, ಎರಡು ಕಾಲುಗಳಲ್ಲಿಯೂ, ಕೀಲು ಊದುವುದಿಲ್ಲ, ತಾಯಿ ಕಾಲನ್ನು ಒತ್ತಿದರೆ ಮಗು ನಿದ್ದೆ ಹೋಗಿ ಬೆಳಗ್ಗೆ ಏನೂ ಆಗದಂತೆ ಓಡುತ್ತದೆ. ಬೆಳಗ್ಗೆ ಕುಂಟುವ ಮಗು, ಊದಿದ ಮೊಣಕಾಲು, ಹಿಂದೆ ತಾನೇ ಹತ್ತುತ್ತಿದ್ದ ಮೆಟ್ಟಿಲನ್ನು ಈಗ ಹತ್ತಲೊಲ್ಲದ ಮಗು, ಇದು ಬೇರೆ. ಗೃಹಿಣಿಯರು ಇದನ್ನೊಂದು ನೆನಪಿನಲ್ಲಿಟ್ಟರೆ ಸಾಕು.

ಇನ್ನು ಈ ವಿದ್ಯೆ ಬೆಳೆದು ಬಂದ ಬಗೆ. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟಿನ ಮಕ್ಕಳ ಆಸ್ಪತ್ರೆಯಲ್ಲಿ ಜಾರ್ಜ್ ಫ್ರೆಡರಿಕ್ ಸ್ಟಿಲ್ ಎಂಬ ತರುಣ ವೈದ್ಯನಿದ್ದನು. ಈತನು ಕೇಂಬ್ರಿಜ್ಜಿನಲ್ಲಿ ಮೊದಲು ಓದಿದ್ದು ಗ್ರೀಕ್ ಮತ್ತು ಲ್ಯಾಟಿನ್. ಅನಂತರ ವೈದ್ಯಕ್ಕೆ ಬಂದವನು. ಭಾಷೆ ಓದಿದವರು ಕೆಲಸಕ್ಕೆ ಬಾರದವರೆಂದು ಹೇಳುವ ಇಂದಿನ ತಂದೆತಾಯಿಗಳಿಗೆ ಇವನನ್ನು ತೋರಿಸಬೇಕೆನಿಸುತ್ತದೆ. ಇರಲಿ. ೧೮೯೭ರಲ್ಲಿ ಈತನು ಕೀಲುರೋಗವುಳ್ಳ ೨೨ ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದನು. ಮಗು ಮಗುವನ್ನೂ ಬೇರೆ ಬೇರೆಯಾಗಿ ನೋಡಿ, ಅವರಲ್ಲಿ ಹಲವರಿಗೆ ಕೀಲಿನ ಜೊತೆಗೆ ಜ್ವರವೂ ಗ್ರಂಥಿಗಳ ಬಾವೂ ಪ್ಲೀಹದ ಹಿಗ್ಗುವಿಕೆಯೂ ಇರುವುದನ್ನು ಗುರುತಿಸಿ, ಇದು ದೊಡ್ಡವರ ಸಂಧಿವಾತದ ಚಿಕ್ಕ ಪ್ರತಿಯಲ್ಲ, ಬೇರೆಯೇ ಒಂದು ರೋಗವೆಂದು ತೋರಿಸಿದನು. ಆ ಬಗೆಗೆ ಈಗಲೂ ಅವನ ಹೆಸರೇ ನಿಂತಿದೆ. ಇಪ್ಪತ್ತೆರಡು ಮಕ್ಕಳೆಂದರೆ ನಮ್ಮ ಶಾಲೆಯ ಅರ್ಧ ತರಗತಿ ಕೂಡ ಅಲ್ಲ. ಅಷ್ಟರಿಂದಲೇ ಒಂದು ಶಾಸ್ತ್ರಕ್ಕೆ ಅಸ್ತಿಭಾರ ಬಿದ್ದಿತು.

ಅಸ್ತಿಭಾರ ಬಿದ್ದರೂ ಮದ್ದು ಬರಲಿಲ್ಲ. ಹಲವು ದಶಕಗಳ ಕಾಲ ಈ ಮಕ್ಕಳಿಗೆ ಆಸ್ಪಿರಿನ್, ಹಾಸಿಗೆ, ಕಾಲಿಗೆ ಕಟ್ಟುವ ಅಚ್ಚು, ಇವಿಷ್ಟೇ ಗತಿ. ೧೯೪೭ರಲ್ಲಿ ಇಂಗ್ಲೆಂಡಿನ ಟ್ಯಾಪ್ಲೋ ಎಂಬಲ್ಲಿದ್ದ ಕೆನಡಾ ರೆಡ್‌ಕ್ರಾಸ್ ಸ್ಮಾರಕ ಆಸ್ಪತ್ರೆಯಲ್ಲಿ ಮಕ್ಕಳ ವಾತರೋಗಕ್ಕೆಂದೇ ಒಂದು ವಿಭಾಗವನ್ನು ತೆರೆದರು. ಎರಿಕ್ ಬೈವಾಟರ್ಸ್ ಅದರ ಮುಖ್ಯಸ್ಥರು. ಸ್ವಲ್ಪ ಕಾಲದಲ್ಲಿಯೇ ಬಾರ್ಬರಾ ಆನ್ಸೆಲ್ ಎಂಬ ವೈದ್ಯೆಯೂ ಅಲ್ಲಿಗೆ ಬಂದರು. ರೋಗದ ಮಗುವನ್ನು ಹಾಸಿಗೆಗೆ ಕಟ್ಟಿಹಾಕದೆ ನಡೆಸಬೇಕು, ಈಜಿಸಬೇಕು, ಶಾಲೆಗೆ ಕಳುಹಿಸಬೇಕು ಎಂದು ಜೀವಮಾನವೆಲ್ಲ ವಾದಿಸಿದವರು ಆಕೆ. ೨೦೦೧ರಲ್ಲಿ ತೀರಿಕೊಂಡರು. ೧೯೪೮ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬವರು ಸಂಧಿವಾತದ ರೋಗಿಗೆ ಮೊದಲ ಬಾರಿ ಕಾರ್ಟಿಸೋನ್ ಕೊಟ್ಟಾಗ ಏಳಲಾರದವರು ಎದ್ದು ನಡೆದರು; ಎರಡೇ ವರ್ಷಗಳಲ್ಲಿ ನೊಬೆಲ್ ಪಾರಿತೋಷಕವೂ ದೊರೆಯಿತು. ಆದರೆ ಬಹುಕಾಲ ಕೊಟ್ಟ ಮಕ್ಕಳಲ್ಲಿ ಮುಖ ಊದಿಕೊಂಡಿತು, ಎಲುಬು ಸವೆಯಿತು, ಬೆಳವಣಿಗೆ ನಿಂತಿತು. ಇಂದು ಅದೇ ಜಾತಿಯ ಮದ್ದನ್ನು ಊದಿದ ಕೀಲಿನೊಳಗೆ ಮಾತ್ರ ಸೂಜಿಯಿಂದ ಬಿಡುವರು. ಮೈಗೆಲ್ಲ ಅದರ ಹೊರೆ ಬೀಳುವುದಿಲ್ಲ. ನಮ್ಮ ಮಗುವಿಗೂ ಹಾಗೆಯೇ ಮಾಡಿದರು. ಎಂಟು ದಿನಗಳಲ್ಲಿ ಮೊಣಕಾಲಿನ ಬಾವು ಇಳಿಯಿತು. ಮನೆಯಲ್ಲಿ ಒಬ್ಬಟ್ಟು ಮಾಡಿದರು.

ಆದರೆ ಆರು ತಿಂಗಳಾಗುವಷ್ಟರಲ್ಲಿ ಹರಡಿನ ಕೀಲೂ ಬಲಗೈ ಮಣಿಕಟ್ಟೂ ಊದಿದುವು. ಆಗ ಬರೆದುಕೊಟ್ಟ ಮದ್ದು ಮೆಥೋಟ್ರೆಕ್ಸೇಟ್. ಅದನ್ನು ತರಲು ಹೋದ ಅಳಿಯಂದಿರಿಗೆ ಔಷಧಿಯಂಗಡಿಯವನು, 'ಇದು ಕ್ಯಾನ್ಸರಿನ ಮಾತ್ರೆಯಲ್ಲವೇ?' ಎಂದನಂತೆ. ಅಂದು ಸಂಜೆ ನಮ್ಮ ಮನೆಯಲ್ಲಿ ನಡೆದ ವಾಗ್ವಾದವನ್ನು ಪೂರ್ತಿಯಾಗಿ ಬರೆಯುವುದು ಉಚಿತವಲ್ಲ. ಬೀಗಿತ್ತಿಯವರು ಕಣ್ಣೀರು ತಂದುಕೊಂಡು, 'ಬೀಗರೇ, ಮಗುವಿಗೆ ಇಲ್ಲದ ರೋಗದ ಮದ್ದನ್ನು ಹಾಕುವುದುಂಟೇ? ನೀವಾದರೂ ಬೇಡವೆನ್ನಿ, ನಮ್ಮ ಊರಿನ ಕಡೆ ಎಣ್ಣೆ ಕಾಯಿಸಿಕೊಡುವವರಿದ್ದಾರೆ' ಎಂದರು. ಆಕೆಯ ಭಯ ಹುರುಳಿಲ್ಲದ್ದೆಂದು ನಾವು ಹೇಳಲಾರೆವು. ಆ ಮಾತ್ರೆ ಕ್ಯಾನ್ಸರಿಗೂ ಕೊಡುವಂಥದು ನಿಜ. ಆದರೆ ಅಲ್ಲಿಯ ಪ್ರಮಾಣಕ್ಕೂ ಇಲ್ಲಿಯದಕ್ಕೂ ಬಹಳ ಅಂತರ. ಆಗ ನಾವು ಒಂದು ವಾರದ ಅವಧಿ ಕೇಳಿ ಆ ಮದ್ದಿನ ಕುಲಗೋತ್ರಗಳನ್ನು ಹುಡುಕಿದೆವು. ಹುಡುಕಿದಾಗ ಸಿಕ್ಕಿದ ಮೊದಲ ಹೆಸರು ನಮ್ಮ ನೆರೆಯ ಆಂಧ್ರದ ಭೀಮಾವರದಲ್ಲಿ ೧೮೯೫ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾಯರದು! ಮದರಾಸಿನಲ್ಲಿ ವೈದ್ಯ ಓದಿ, ಅಲ್ಲಿಯ ಆಯುರ್ವೇದ ಕಾಲೇಜಿನಲ್ಲಿ ಕೆಲಕಾಲ ಪಾಠ ಹೇಳಿ, ೧೯೨೩ರಲ್ಲಿ ಅಮೆರಿಕಕ್ಕೆ ಹೋದವರು. ಲೆಡರ್ಲೆ ಪ್ರಯೋಗಶಾಲೆಯಲ್ಲಿ ಅವರ ಮುಂದಾಳ್ತನದಲ್ಲಿ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿದರು. ಬಳಿಕ ಅದಕ್ಕೆ ಎದುರಾಗಿ ನಿಲ್ಲುವ ರಸಾಯನಗಳನ್ನೂ ಮಾಡಿದರು. ಮೆಥೋಟ್ರೆಕ್ಸೇಟ್ ಆ ಪೀಳಿಗೆಯದು. ಸುಬ್ಬರಾಯರು ೧೯೪೮ರಲ್ಲಿಯೇ ತೀರಿಕೊಂಡರು. ತಮ್ಮ ರಸಾಯನವು ಒಂದು ದಿನ ಮಕ್ಕಳ ಮೊಣಕಾಲಿಗೆ ಮದ್ದಾಗುವುದನ್ನು ಅವರು ಕಾಣಲಿಲ್ಲ.

ಎರಡನೆಯದಾಗಿ ಸಿಕ್ಕಿದುದು ೧೯೯೨ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯ ವರದಿ. ಅಮೆರಿಕವೂ ಸೋವಿಯತ್ ದೇಶವೂ ಒಂದನ್ನೊಂದು ಹಗೆಯ ಕಣ್ಣಿನಿಂದ ನೋಡುತ್ತಿದ್ದ ಕಾಲದಲ್ಲಿಯೇ ಅವೆರಡರ ಮಕ್ಕಳವೈದ್ಯರು ಕೂಡಿ ಈ ಕೆಲಸವನ್ನು ಕೈಕೊಂಡರು. ಬೇರೆ ಮದ್ದುಗಳಿಗೆ ಬಗ್ಗದ ೧೨೭ ಮಕ್ಕಳನ್ನು ಮೂರು ಪಂಗಡ ಮಾಡಿ, ಒಂದಕ್ಕೆ ಈ ಮದ್ದನ್ನು ಹೆಚ್ಚಿನ ಪ್ರಮಾಣದಲ್ಲಿಯೂ, ಒಂದಕ್ಕೆ ಅದರ ಅರ್ಧದಷ್ಟನ್ನೂ, ಇನ್ನೊಂದಕ್ಕೆ ಮದ್ದೇ ಇಲ್ಲದ ಹುಸಿ ಮಾತ್ರೆಯನ್ನೂ ಆರು ತಿಂಗಳು ಕೊಟ್ಟರು. ಯಾರಿಗೆ ಯಾವುದೆಂಬುದು ಮಗುವಿಗೂ ತಿಳಿಯದು, ವೈದ್ಯನಿಗೂ ತಿಳಿಯದು. ಕೊನೆಗೆ ಲೆಕ್ಕ ಬಿಚ್ಚಿದಾಗ ಮೊದಲ ಪಂಗಡದಲ್ಲಿ ನೂರಕ್ಕೆ ೬೩ ಮಕ್ಕಳಿಗೂ, ಅರ್ಧ ಪ್ರಮಾಣದವರಲ್ಲಿ ೩೨ಕ್ಕೂ, ಹುಸಿ ಮಾತ್ರೆಯವರಲ್ಲಿ ೩೬ಕ್ಕೂ ಗುಣ ಕಂಡಿತು. ಈ ಅಂಕಿಗಳನ್ನು ನಾವು ಎರಡು ಮೂರು ಬಾರಿ ಓದಿದೆವು. ಹುಸಿ ಮಾತ್ರೆಯಿಂದಲೂ ನೂರಕ್ಕೆ ಮೂವತ್ತಾರು ಮಂದಿ ಸುಧಾರಿಸುವುದಾದರೆ, ಇಂಥವರ ಎಣ್ಣೆಯಿಂದ ಇಂಥವರ ಮಗುವಿಗೆ ಗುಣವಾಯಿತೆಂಬ ಸುದ್ದಿಗೆ ಎಷ್ಟು ಬೆಲೆ ಕಟ್ಟಬೇಕು? ಅಳುಕಿನಿಂದ ಮದ್ದನ್ನು ಕಡಿಮೆ ಮಾಡಿ ಕೊಟ್ಟರೆ ಕೊಟ್ಟೂ ಕೊಡದಂತೆಯೇ ಎಂಬುದೂ ಅದರಿಂದಲೇ ಹೊರಪಟ್ಟಿತು.

ಅದಕ್ಕಿಂತ ಹೆಚ್ಚಾಗಿ ನಮ್ಮ ಮನಸ್ಸನ್ನು ಕಲಕಿದ ಸಂಗತಿ ಬೇರೆ. ಆ ೧೨೭ ಮಕ್ಕಳಿಗೂ ತಾಯಿತಂದೆಗಳಿದ್ದರಲ್ಲವೇ? ಅವರ ಮನೆಯಲ್ಲಿಯೂ ಒಬ್ಬ ಅಜ್ಜಿ ಕಣ್ಣೀರಿಟ್ಟಿರಬೇಕು. ತಮ್ಮ ಮಗುವಿಗೆ ಹುಸಿ ಮಾತ್ರೆ ಬರಬಹುದೆಂದು ತಿಳಿದೂ, ಮದ್ದೇ ಬಂದರೆ ಅದರಿಂದ ಏನಾದೀತೆಂದು ತಿಳಿಯದೆಯೂ ಅವರು ಒಪ್ಪಿದರು. ಮನುಷ್ಯನು ಹುಟ್ಟುವಾಗಲೇ ದೇವಋಣ, ಋಷಿಋಣ, ಪಿತೃಋಣಗಳನ್ನು ಹೊತ್ತು ಬರುವನೆಂದು ನಮ್ಮವರು ಹೇಳುವರು. ಹೆಸರು ಕೂಡ ತಿಳಿಯದ ಆ ಮಕ್ಕಳಿಗೆ ನಾವು ಸಲ್ಲಿಸಬೇಕಾದುದು ಯಾವ ಋಣದ ಕೆಳಗೆ ಬರುವುದೋ ಶಾಸ್ತ್ರಜ್ಞರು ಹೇಳಬೇಕು. ಇದನ್ನು ನಾವು ಬೀಗಿತ್ತಿಯವರಿಗೆ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, 'ಆ ಮಕ್ಕಳು ಈಗ ಹೇಗಿದ್ದಾರೋ!' ಎಂದರು. ನಿರ್ಧಾರ ಮಾತ್ರ ನಮ್ಮ ಮಗಳದು. ಅವಳು ಆ ಶನಿವಾರವೇ ಮಾತ್ರೆ ಕೊಟ್ಟಳು.

ಈ ಮಾತ್ರೆಯ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗಲಾಗದು. ಇದು ವಾರಕ್ಕೆ ಒಂದೇ ದಿನ ಕೊಡುವಂಥದು. ಮರೆತು ದಿನದಿನವೂ ಕೊಟ್ಟರೆ ಪ್ರಾಣಕ್ಕೇ ಅಪಾಯ. ಆದುದರಿಂದ ನಮ್ಮ ಮನೆಯಲ್ಲಿ ಪಂಚಾಂಗದ ಪಕ್ಕದಲ್ಲಿಯೇ ಒಂದು ಚೀಟಿಯನ್ನು ಅಂಟಿಸಿ, ಶನಿವಾರ ಕೊಟ್ಟ ಕೂಡಲೆ ಗುರುತು ಹಾಕುವ ಪದ್ಧತಿಯನ್ನಿಟ್ಟುಕೊಂಡಿದ್ದೇವೆ. ವೈದ್ಯರು ಹೇಳಿದ ಬೇರೆ ದಿನ ಫೋಲಿಕ್ ಆಮ್ಲದ ಗುಳಿಗೆ. ವೈರಿಯನ್ನು ಒಂದು ದಿನ ಕರೆದು ಮರುದಿನ ಮಿತ್ರನನ್ನು ಕರೆದಂತೆ! ಕೆಲವು ತಿಂಗಳಿಗೊಮ್ಮೆ ರಕ್ತವನ್ನೂ ಯಕೃತ್ತನ್ನೂ ಪರೀಕ್ಷಿಸುವರು. ಮಗುವಿಗೆ ಮಾತ್ರೆಯಿಂದ ಓಕರಿಕೆ ಬರುತ್ತಿತ್ತು. ಮಾತ್ರೆಯ ಬಣ್ಣ ಹಳದಿಯಾದುದರಿಂದ ಹಳದಿಯದನ್ನು ಏನು ಕಂಡರೂ ಮುಖ ತಿರುಗಿಸುವಳು. ನಮ್ಮ ಮನೆಯವರು ಶನಿವಾರ ಚಿತ್ರಾನ್ನ ಮಾಡುವುದನ್ನೇ ಬಿಟ್ಟರು. ಇದು ನಮ್ಮ ಮಗುವಿನ ಹಟವೆಂದಿದ್ದೆವು. ಹಲವು ದೇಶಗಳ ಮಕ್ಕಳಲ್ಲಿ ಇದೇ ಕಂಡುಬಂದಿದೆಯೆಂದು ವೈದ್ಯರು ಹೇಳಿದರು.

ಕೀಲುಗಳು ತಹಬಂದಿಗೆ ಬಂದುವು. ಆದರೆ ಕಣ್ಣಿನ ಮಾತು ಉಳಿದಿತ್ತು. ವಾಚಕರು ಈ ಲೇಖನದಲ್ಲಿ ಬೇರೆಲ್ಲವನ್ನೂ ಮರೆತರೂ ಇದೊಂದನ್ನು ಮರೆಯಬಾರದೆಂದು ಬೇಡುವೆವು. ಕೆಲವೇ ಕೀಲುಗಳಿಗೆ ರೋಗ ಹಿಡಿದ ಚಿಕ್ಕ ಹೆಣ್ಣುಮಕ್ಕಳಲ್ಲಿ, ಅದರಲ್ಲಿಯೂ ರಕ್ತದಲ್ಲಿ ಆಂಟಿನ್ಯೂಕ್ಲಿಯರ್ ಎಂಬ ಪ್ರತಿಕಾಯವು ಕಂಡುಬಂದವರಲ್ಲಿ, ಅದೇ ಉರಿಯೂತವು ಕಣ್ಣಿನೊಳಗೂ ಏಳುವುದುಂಟು. ಕಣ್ಣು ಕೆಂಪಾಗುವುದಿಲ್ಲ, ನೋಯುವುದಿಲ್ಲ, ನೀರು ಸುರಿಯುವುದಿಲ್ಲ. ಮಗು ಎಂದಿನಂತೆ ಆಡಿಕೊಂಡಿರುತ್ತದೆ. ಒಳಗೆ ಪಾಪೆ ಅಂಟಿಕೊಂಡು, ಪೊರೆ ಬೆಳೆದು, ಒತ್ತಡ ಏರಿ, ದೃಷ್ಟಿಯೇ ಹೋಗುವಷ್ಟಾದ ಮೇಲೆ ತಿಳಿಯುತ್ತದೆ. ಸ್ಲಿಟ್ ಲ್ಯಾಂಪ್ ಎಂಬ ಯಂತ್ರದ ಸೀಳುಬೆಳಕಿನಲ್ಲಿ ಕಣ್ಣಿನ ವೈದ್ಯರು ನೋಡಿದರೆ ಮಾತ್ರ ಆರಂಭದಲ್ಲಿಯೇ ಕಾಣುವುದು. ಆದುದರಿಂದ ಇಂಥ ಮಕ್ಕಳನ್ನು, ಕೀಲು ಚೆನ್ನಾಗಿದ್ದರೂ, ಮೂರು ಮೂರು ತಿಂಗಳಿಗೊಮ್ಮೆ ತೋರಿಸಬೇಕೆಂಬ ನಿಯಮ. ಏನೂ ಆಗದ ಕಣ್ಣಿಗೆ ಇಷ್ಟೊಂದು ಓಡಾಟವೇಕೆಂದು ಮನೆಯಲ್ಲಿ ಗೊಣಗಿದವರುಂಟು. ೨೦೨೨ರ ದೀಪಾವಳಿ ಕಳೆದ ಮೇಲೆ ತೋರಿಸಿದ ಐದನೆಯ ಬಾರಿ, ಬಲಗಣ್ಣಿನಲ್ಲಿ ಉರಿಯೂತದ ಕಣಗಳು ತೇಲುತ್ತಿರುವುದು ಕಂಡಿತು. ಅಂದು ಬೆಳಗ್ಗೆಯಷ್ಟೆ ಆ ಮಗು ರೈಲಿನ ಕಿಟಕಿಯಿಂದ ದೂರದ ಕಂಬದ ಮೇಲಿನ ಹಕ್ಕಿಗಳನ್ನು ನಮಗೆ ಎಣಿಸಿ ತೋರಿಸಿದ್ದಳು.

ಕಣ್ಣಿಗೆ ಹನಿ ಹಾಕಿದರು, ಸಾಲಲಿಲ್ಲ. ಆಗ ಅಡಾಲಿಮುಮಾಬ್ ಎಂಬ ಚುಚ್ಚುಮದ್ದನ್ನು ಹೇಳಿದರು. ಕಾವಲುಪಡೆಯು ಒಂದು ಕಡೆಯಿಂದ ಇನ್ನೊಂದು ಕಡೆಗೆ 'ಹೊಡೆಯಿರಿ' ಎಂದು ಕಳುಹಿಸುವ ಓಲೆಗಳಲ್ಲಿ ಒಂದನ್ನು ನಡುದಾರಿಯಲ್ಲಿ ಹಿಡಿದುಬಿಡುವ ಜಾತಿಯ ಮದ್ದು ಇದು. ಈ ಜಾತಿಯಲ್ಲಿ ಮಕ್ಕಳಿಗೆ ಮೊದಲು ಬಂದುದು ಎಟನರ್ಸೆಪ್ಟ್. ೨೦೦೦ದಲ್ಲಿ ಅದರ ವರದಿ ಬಂದಿತು; ಆ ಪರೀಕ್ಷೆಯ ಏರ್ಪಾಡು ನಮಗೆ ಮೆಚ್ಚಿಕೆಯಾಯಿತು. ೬೯ ಮಕ್ಕಳಲ್ಲಿ ಎಲ್ಲರಿಗೂ ಮೊದಲು ನಿಜವಾದ ಮದ್ದನ್ನೇ ಕೊಟ್ಟರು. ಗುಣ ಕಂಡ ೫೧ ಮಂದಿಯನ್ನು ಮಾತ್ರ ಎರಡು ಪಂಗಡ ಮಾಡಿ ಒಂದಕ್ಕೆ ಹುಸಿ ಮದ್ದನ್ನು ಕೊಟ್ಟರು. ರೋಗ ಮರುಕಳಿಸಿದ ಕೂಡಲೆ ಮತ್ತೆ ನಿಜವಾದುದು. ಹುಸಿ ಮದ್ದಿನ ೨೬ ಮಕ್ಕಳಲ್ಲಿ ೨೧ ಮಂದಿಗೂ ನಿಜವಾದ ಮದ್ದಿನ ೨೫ ಮಕ್ಕಳಲ್ಲಿ ೭ ಮಂದಿಗೂ ಮರುಕಳಿಸಿತು. ಸತ್ಯವೂ ತಿಳಿಯಬೇಕು, ಮಗುವೂ ಬಹಳ ಕಾಲ ನರಳಬಾರದು, ಎಂಬ ಎರಡು ಧರ್ಮಗಳನ್ನು ಒಂದು ತಕ್ಕಡಿಯಲ್ಲಿಟ್ಟು ತೂಗಿದ ಬಗೆ ಇದು. ಕಣ್ಣಿನ ಪರೀಕ್ಷೆ ಇಂಗ್ಲೆಂಡಿನ ಕಡೆಯದು, ೨೦೧೭ರಲ್ಲಿ ಪ್ರಕಟವಾಯಿತು. ೯೦ ಮಕ್ಕಳು; ಎಲ್ಲರೂ ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುತ್ತಿದ್ದವರೇ. ಅದರ ಜೊತೆಗೆ ಅಡಾಲಿಮುಮಾಬ್ ಪಡೆದವರಲ್ಲಿ ನೂರಕ್ಕೆ ೨೭ ಮಂದಿಗೆ ಚಿಕಿತ್ಸೆ ವಿಫಲವಾದರೆ, ಹುಸಿ ಮದ್ದಿನವರಲ್ಲಿ ೬೦ ಮಂದಿಗೆ ವಿಫಲವಾಯಿತು. ಅಂತರ ಇಷ್ಟು ಸ್ಪಷ್ಟವಾದುದರಿಂದ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಿದರು. ನಮ್ಮ ಮಗುವಿಗೆ ಮದ್ದು ಕೊಡುವ ಮೊದಲು ಕ್ಷಯದ ಪರೀಕ್ಷೆ ಮಾಡಿದರು. ಮೈಯಲ್ಲಿ ಅಡಗಿ ಮಲಗಿರುವ ಕ್ಷಯವನ್ನು ಈ ಮದ್ದು ಎಬ್ಬಿಸುವ ಭಯವುಂಟು. ೨೦೧೪ರಿಂದ ಇದರ ಪ್ರತಿರೂಪವು ನಮ್ಮ ದೇಶದಲ್ಲಿಯೇ ತಯಾರಾಗುತ್ತಿರುವುದರಿಂದ ಬೆಲೆ ಇಳಿದಿದೆ. ಇಳಿದರೂ ಮೇಷ್ಟರ ಪಿಂಚಣಿಯುಳ್ಳ ಮನೆಗೆ ಅದು ಹಗುರವೆಂದು ಯಾರೂ ತಿಳಿಯಬಾರದು; ತೋಟದ ಒಂದು ಭಾಗದ ಅಡಕೆ ಅದಕ್ಕೇ ಮೀಸಲಾಗಿದೆ.

ಸ್ಟಿಲ್ ಮಹಾಶಯನು ಗುರುತಿಸಿದ ಜ್ವರದ ಬಗೆಗೂ ದಾರಿ ತೆರೆದಿದೆ. ಅಲ್ಲಿ ಕಾವಲುಪಡೆಯು ತನ್ನವರನ್ನು ಗುರುತಿಸದೆ ಹೊಡೆಯುವುದಕ್ಕಿಂತ, ಬೆಂಕಿಯೇ ಇಲ್ಲದೆ ಅಪಾಯದ ಗಂಟೆ ಬಾರಿಸುತ್ತಲೇ ಇರುವುದು ಮುಖ್ಯದೋಷವೆಂದು ಈಗ ತಿಳಿದಿದೆ. ಇಂಟರ್‌ಲ್ಯೂಕಿನ್ ಒಂದು, ಇಂಟರ್‌ಲ್ಯೂಕಿನ್ ಆರು ಎಂಬ ಸಂದೇಶಗಳನ್ನು ತಡೆದರೆ ತಗ್ಗುತ್ತದೆ. ಆರನೆಯದನ್ನು ತಡೆಯುವ ಮದ್ದು ಜಪಾನಿನ ವಿಜ್ಞಾನಿಗಳ ದುಡಿಮೆಯ ಫಲ. ೨೦೦೮ರಲ್ಲಿ ೫೬ ಮಕ್ಕಳ ಮೇಲಣ ವರದಿಯೂ ಅಲ್ಲಿಂದಲೇ ಬಂದಿತು. ನಮ್ಮ ದೇಶದ ವರದಿಗಳಲ್ಲಿ ಎದ್ದುಕಾಣುವ ಬಗೆ ಇನ್ನೊಂದು: ಆರು ವರ್ಷ ದಾಟಿದ ಗಂಡುಹುಡುಗರಿಗೆ ಹಿಮ್ಮಡಿಯಲ್ಲಿ, ಸ್ನಾಯು ಎಲುಬಿಗೆ ಕೂಡುವಲ್ಲಿ, ಆಮೇಲೆ ಸೊಂಟದ ಕೆಳಗೆ ನೋವು. ಡ್ರಿಲ್ ತರಗತಿಯಲ್ಲಿ ಹಿಂದೆ ನಿಲ್ಲುವ ಇಂಥ ಹುಡುಗರನ್ನು ಉಪಾಧ್ಯಾಯರು ಸೋಮಾರಿಗಳೆಂದು ಎಣಿಸುವ ಮೊದಲು ಹಿಮ್ಮಡಿಯನ್ನು ಮುಟ್ಟಿ ನೋಡುವುದು ಲೇಸು. ಹದಿಹರೆಯದ ಹುಡುಗಿಯರಿಗೆ ಬರುವ ಲೂಪಸ್ ಎಂಬುದು ಕೆನ್ನೆಯ ಮೇಲಣ ಕೆಂಪಿನಿಂದ ಆರಂಭವಾಗಿ ಮೂತ್ರಪಿಂಡವನ್ನು ಮುಟ್ಟುವುದುಂಟು. ಇವೆಲ್ಲಕ್ಕಿಂತ ಹಳೆಯ ಪರಿಚಯವುಳ್ಳದ್ದು ವಾತಜ್ವರ. ಗಂಟಲು ನೋವು ವಾಸಿಯಾದ ಮೇಲೆ, ಆ ರೋಗಾಣುವಿನ ಮೇಲೆ ಎದ್ದ ಪಡೆ ಹೃದಯದ ಕವಾಟಗಳನ್ನೂ ಹೊಡೆಯುವ ಬೇನೆ ಅದು. ತೊಂಬತ್ತರ ದಶಕದಲ್ಲಿ ನಮ್ಮ ತರಗತಿಯಲ್ಲಿದ್ದ ಒಬ್ಬ ಹುಡುಗನು ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚಿಸಿಕೊಳ್ಳಲು ರಜೆ ಕೇಳುತ್ತಿದ್ದನು. ಹಾಜರಿ ಪುಸ್ತಕದಲ್ಲಿ ಆ ದಿನಗಳನ್ನು ನಾವೇ ಮುಂಚಿತವಾಗಿ ಗುರುತಿಸಿಟ್ಟು, ಅವನು ಕೇಳದಿದ್ದರೆ ನೆನಪಿಸುತ್ತಿದ್ದೆವು. ಈಗ ಅವನಿಗೆ ಎರಡು ಮಕ್ಕಳು, ಲಾರಿ ಓಡಿಸುತ್ತಾನೆ.

ಶಾಲೆಯ ಮಾತು ಬಂದುದರಿಂದ ಇನ್ನೆರಡು ಮಾತು. ಬೆಳಗಿನ ಮೊದಲ ಗಂಟೆಯಲ್ಲಿ ಈ ಮಕ್ಕಳ ಬೆರಳು ಬಗ್ಗುವುದಿಲ್ಲ. ಆಗ ಉಕ್ತಲೇಖನವನ್ನು ಇಟ್ಟರೆ ಅಕ್ಷರ ಕೆಡುತ್ತದೆ, ಏಟೂ ಬೀಳುತ್ತದೆ. ತರಗತಿ ಮಾಳಿಗೆಯ ಮೇಲಿದ್ದರೆ ಕೆಳಗಿಳಿಸಬೇಕು. ಒಂದೇ ಕಡೆ ಬಹಳ ಹೊತ್ತು ಕೂರಿಸದೆ ನೀರು ತರುವ ನೆವದಿಂದಲಾದರೂ ಎಬ್ಬಿಸಿ ನಡೆಸಬೇಕು. ನಮ್ಮ ಮೊಮ್ಮಗಳ ಉಪಾಧ್ಯಾಯಿನಿ ಅವಳನ್ನು ಸೀಮೆಸುಣ್ಣ ತರುವ ಮಂತ್ರಿಯನ್ನಾಗಿ ನೇಮಿಸಿದ್ದಾರೆ. ಕಾರಣವೇನೆಂದು ಮಿಕ್ಕ ಮಕ್ಕಳಿಗೆ ತಿಳಿಯದು, ಅವಳಿಗೂ ತಿಳಿದಂತಿಲ್ಲ.

ಕಣ್ಣೂ ಕೀಲೂ ಎರಡು ವರ್ಷದಿಂದ ಶಾಂತವಾಗಿವೆ. ಈಗ ಮನೆಯಲ್ಲಿ ಎದ್ದಿರುವ ಪ್ರಶ್ನೆ, ಮದ್ದನ್ನು ನಿಲ್ಲಿಸುವುದೆಂದಿಗೆ ಎಂಬುದು. ಇದಕ್ಕೂ ಮಕ್ಕಳನ್ನೇ ಕೇಳಬೇಕಾಯಿತು. ೨೦೧೦ರಲ್ಲಿ ಪ್ರಕಟವಾದ ೩೬೪ ಮಕ್ಕಳ ಪರೀಕ್ಷೆಯೊಂದರಲ್ಲಿ, ಕೀಲು ಶಾಂತವಾದ ಆರು ತಿಂಗಳಿಗೆ ಮೆಥೋಟ್ರೆಕ್ಸೇಟನ್ನು ನಿಲ್ಲಿಸಿದರೂ ಹನ್ನೆರಡು ತಿಂಗಳು ಕಾದು ನಿಲ್ಲಿಸಿದರೂ, ಎರಡು ವರ್ಷದೊಳಗೆ ಅರ್ಧಕ್ಕಿಂತ ಹೆಚ್ಚು ಮಂದಿಗೆ ರೋಗ ಮರಳಿತು. ಎರಡಕ್ಕೂ ಅಂತರವೇ ಇಲ್ಲವೆನ್ನಬಹುದು. ಕಣ್ಣಿನ ಚುಚ್ಚುಮದ್ದಿನ ವಿಷಯವು ೨೦೨೫ರಲ್ಲಿ ಬಂದಿತು. ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಗಳಲ್ಲಿ ಕಣ್ಣು ಶಾಂತವಾಗಿದ್ದ ೮೭ ಮಂದಿಯಲ್ಲಿ ಮದ್ದನ್ನು ಮುಂದುವರಿಸಿದವರಿಗೆ ನೂರಕ್ಕೆ ೧೪ರಷ್ಟೂ, ನಿಲ್ಲಿಸಿದವರಿಗೆ ೬೮ರಷ್ಟೂ ರೋಗ ಮರಳಿತು; ಆದರೆ ಮರಳಿದವರೆಲ್ಲರಿಗೂ ಮದ್ದನ್ನು ಪುನಃ ಕೊಟ್ಟಾಗ ಕಣ್ಣು ಶಾಂತವಾಯಿತು. ಅಳಿಯಂದಿರು ಈ ಅಂಕಿಗಳನ್ನು ಕಂಡು ಭಯಪಟ್ಟರು. ನಮ್ಮ ಮಗಳು ಕೊನೆಯ ಮಾತನ್ನು ಹಿಡಿದು ಧೈರ್ಯಗೊಂಡಳು. ನೂರರಲ್ಲಿ ಮೂವತ್ತೆರಡು ಮಂದಿಗೆ ಮರಳಲಿಲ್ಲವಲ್ಲ ಎಂದು ಬೀಗಿತ್ತಿಯವರು ಲೆಕ್ಕ ಹಾಕಿದರು. ಆಕೆ ಈಗ ಅಂಕಿಗಳನ್ನು ನಮಗಿಂತ ಚೆನ್ನಾಗಿ ಓದುತ್ತಾರೆ. ಕಡೆಗೆ ವೈದ್ಯರೂ ಮನೆಯವರೂ ಕೂಡಿ, ಚುಚ್ಚುಮದ್ದನ್ನು ಇನ್ನೊಂದು ವರ್ಷ ಮುಂದುವರಿಸುವುದೆಂದೂ, ಹಳದಿ ಮಾತ್ರೆಯನ್ನು ಮೊದಲು ಕ್ರಮವಾಗಿ ಇಳಿಸಿ ನೋಡುವುದೆಂದೂ, ಇಳಿಸುವ ಕಾಲದಲ್ಲಿ ಕಣ್ಣನ್ನು ಇನ್ನೂ ಬೇಗಬೇಗನೆ ತೋರಿಸುವುದೆಂದೂ ಗೊತ್ತುಮಾಡಿದ್ದಾರೆ. ಮಗುವಿಗೆ ತಿಳಿಸಿದಾಗ ಅವಳು ಕೇಳಿದುದು, ಹಾಗಾದರೆ ಶನಿವಾರ ಚಿತ್ರಾನ್ನ ಮಾಡುವಿರಾ ಎಂದಲ್ಲ. ಈ ಸಾರಿ ಬೆಂಗಳೂರಿಗೆ ಹೋಗುವಾಗ ಕಿಟಕಿಯ ಪಕ್ಕ ತನಗೋ ಅಜ್ಜನಿಗೋ ಎಂದು.